ಆರನೇ ಗುಂಪಿನ ಎರಡನೇ ಅಂಕಿ

ಇರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಗಾದೆ ಇದೆ. ನಮ್ಮ ಪ್ರೂಫ್ ರೀಡರು ಆ ಮಂಗಳವಾರ ಬೆಳಿಗ್ಗೆ ಬಿಟ್ಟುಕೊಂಡದ್ದು ಇರುವೆಯಲ್ಲ, ಸೆಕ್ಯೂರ್ ಬೂಟ್.

ಬಿಡಿಸಿದವರು ಕೆಳಗಿನ ಮನೆಯ ಎಚ್ಚರಿಕೆ ಮಾವ. ಮೂವತ್ತು ವರ್ಷ ಒಂದು ಕಾರ್ಖಾನೆಯಲ್ಲಿ ಭದ್ರತಾ ಅಧಿಕಾರಿಯಾಗಿದ್ದವರು. ನಿವೃತ್ತಿಯಾದ ಮೇಲೆ ಕಾಯಲು ಕಾರ್ಖಾನೆ ಇಲ್ಲದೆ, ಕಟ್ಟಡದ ಆರು ಮನೆಗಳನ್ನೂ ಕಾಯತೊಡಗಿದ್ದರು. ದಿನಕ್ಕೆ ಎಂಟು ಹತ್ತು ಎಚ್ಚರಿಕೆಗಳು ಅವರ ಮೊಬೈಲಿನಿಂದ ಹೊರಡುತ್ತಿದ್ದವು. ಚಾರ್ಜಿಗೆ ಹಾಕಿದ ಫೋನನ್ನು ದಿಂಬಿನ ಕೆಳಗಿಡಬೇಡಿ. ಲಿಫ್ಟಿನಲ್ಲಿ ಅಪರಿಚಿತರ ಜೊತೆ ಹತ್ತಬೇಡಿ. ಆ ಕಟ್ಟಡದಲ್ಲಿ ಲಿಫ್ಟೇ ಇರಲಿಲ್ಲ, ಅದು ಬೇರೆ ಮಾತು. ಉಳಿದ ಮನೆಗಳವರು ಅವನ್ನು ಓದದೆಯೇ ಅಳಿಸುತ್ತಿದ್ದರು. ಪ್ರೂಫ್ ರೀಡರು ಮಾತ್ರ ಒಂದೊಂದನ್ನೂ ಪೂರ್ತಿ ಓದುತ್ತಿದ್ದರು. ಅವರಿಗೆ ಬೇರೆ ಯಾರೂ ಸಂದೇಶ ಕಳಿಸುತ್ತಿರಲಿಲ್ಲ.

ಆ ಬೆಳಗಿನ ಸಂದೇಶ ಹೀಗಿತ್ತು: ‘ಸೆಕ್ಯೂರ್ ಬೂಟ್ ಆನ್ ಮಾಡದ ಕಂಪ್ಯೂಟರ್ ಅಂದರೆ ಚಿಲಕವಿಲ್ಲದ ಬಾಗಿಲು. ಕಂಪ್ಯೂಟರ್ ಶುರುವಾಗುವ ಹೊತ್ತಿನಲ್ಲೇ ಕಳ್ಳರು ನುಗ್ಗುತ್ತಾರೆ. ಇಂದೇ ಆನ್ ಮಾಡಿ, ಹತ್ತು ಜನಕ್ಕೆ ಹೇಳಿ.’ ಹೇಳಲು ಹತ್ತು ಜನ ಇರಲಿಲ್ಲವಾದ್ದರಿಂದ ಪ್ರೂಫ್ ರೀಡರು ಮೊದಲನೆಯ ಕೆಲಸವನ್ನಷ್ಟೇ ಕೈಗೆತ್ತಿಕೊಂಡರು.

ಅವರ ವಯಸ್ಸು ಐವತ್ತೆರಡು. ಎರಡನೇ ಮಹಡಿಯ ಮೂರು ಕೋಣೆಯ ಮನೆಯಲ್ಲಿ ಒಬ್ಬರೇ. ಒಂದು ಮುದ್ರಣಾಲಯಕ್ಕಾಗಿ ಬಸ್ಸಿನ ವೇಳಾಪಟ್ಟಿಗಳ ಕರಡು ತಿದ್ದುವುದು ಅವರ ಕಸುಬು. ಪುಟದ ತುಂಬ ಅಂಕಿಗಳು. ಅದರಲ್ಲಿ ಒಂದು ಸೊನ್ನೆ ಜಾಗ ತಪ್ಪಿದ್ದರೂ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಅವರಿಗೆ ತಟ್ಟನೆ ಗೊತ್ತಾಗುತ್ತಿತ್ತು. ತಪ್ಪು ಕಂಡರೆ ಸುಮ್ಮನಿರುವುದು ಮಾತ್ರ ಅವರ ಜಾತಕದಲ್ಲೇ ಬರೆದಿರಲಿಲ್ಲ.

ಹೆಂಡತಿ ಮನೆ ಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು. ಜಗಳವಿಲ್ಲ, ಕೋರ್ಟಿಲ್ಲ, ಕಚೇರಿಯಿಲ್ಲ. ಹೋಗುವ ದಿನ ಆಕೆ ಊಟದ ಮೇಜಿನ ಮೇಲೆ ಹನ್ನೊಂದು ಸಾಲಿನ ಒಂದು ಪತ್ರ ಬರೆದಿಟ್ಟಿದ್ದಳು. ಪ್ರೂಫ್ ರೀಡರು ಅದನ್ನು ಓದುತ್ತ ಓದುತ್ತ, ಅರ್ಥ ತಲೆಗೆ ಹತ್ತುವ ಮುಂಚೆಯೇ, ಕೆಂಪು ಪೆನ್ನಿನಿಂದ ಎರಡು ಕಡೆ ಒತ್ತಕ್ಷರ ತಿದ್ದಿದ್ದರು. ಮರೆತ ಛತ್ರಿಗಾಗಿ ಆಕೆ ಹತ್ತು ನಿಮಿಷದಲ್ಲಿ ವಾಪಸು ಬಂದಾಗ ಕಣ್ಣಿಗೆ ಬಿದ್ದದ್ದು ಆ ತಿದ್ದಿದ ಪತ್ರ. ಆಕೆ ಛತ್ರಿ ತೆಗೆದುಕೊಂಡು ಹೋದಳು.

ಈಗ ಆಕೆ ಊರಿನ ಇನ್ನೊಂದು ತುದಿಯಲ್ಲಿದ್ದಳು. ಒಂದು ದೊಡ್ಡ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ. ಎರಡು ಬಸ್ಸು ಬದಲಾಯಿಸಿದರೆ ಐವತ್ತು ನಿಮಿಷದ ದಾರಿ. ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂಬುದು ಪ್ರೂಫ್ ರೀಡರಿಗೆ ಬಾಯಿಪಾಠವಾಗಿತ್ತು, ಹತ್ತಿದ್ದು ಮಾತ್ರ ಒಮ್ಮೆಯೂ ಇಲ್ಲ. ದಿನವೂ ಫೋನು ಕೈಗೆತ್ತಿಕೊಳ್ಳುವರು, ಕೆಳಗಿಡುವರು. ಸುಮ್ಮನೆ ಫೋನ್ ಮಾಡಿ ಏನೆಂದು ಹೇಳುವುದು? ಆಕೆಯ ದನಿ ಕೇಳಬೇಕೆಂಬ ಆಸೆ ಎದೆಯಲ್ಲಿ ಬೆಟ್ಟದಷ್ಟಿತ್ತು. ಕಾರಣ ಎಂಬುದು ಸಾಸಿವೆಯಷ್ಟೂ ಇರಲಿಲ್ಲ.

ಇರಲಿ, ಕಂಪ್ಯೂಟರಿಗೆ ಬರೋಣ. ಪ್ರೂಫ್ ರೀಡರು ಅದನ್ನು ಆರಿಸಿ, ಮತ್ತೆ ಹಚ್ಚಿ, ಕೀಲಿಮಣೆಯ ಒಂದು ಗುಂಡಿಯನ್ನು ಟಕಟಕ ಒತ್ತಿ ಒಳಗಿನ ಸೆಟ್ಟಿಂಗುಗಳ ಪುಟಕ್ಕೆ ಹೋದರು. ಸೆಕ್ಯೂರ್ ಬೂಟ್ ಎಂಬ ಸಾಲು ಸಿಕ್ಕಿತು. ಅದು ಆನ್ ಆಗಬೇಕಾದರೆ ಹಳೆಯ ಪದ್ಧತಿಯ ಆರಂಭವನ್ನು ಆಫ್ ಮಾಡಿ ಎಂದಿತು. ಮಾಡಿದರು. ಉಳಿಸಬೇಕೇ ಎಂದು ಕೇಳಿತು. ಉಳಿಸಿದರು. ಕಂಪ್ಯೂಟರು ಒಂದು ಸಲ ಆರಿ, ಒಂದು ಉದ್ದ ಎರಡು ಗಿಡ್ಡ ಶಿಳ್ಳೆ ಹಾಕಿತು. ಪರದೆ ಕಪ್ಪಾಗಿಯೇ ಉಳಿಯಿತು.

ಹತ್ತು ಸಲ ಹಚ್ಚಿದರು. ಹತ್ತು ಸಲವೂ ಅದೇ ಶಿಳ್ಳೆ, ಅದೇ ಕಪ್ಪು. ಸಂಜೆಯೊಳಗೆ ಮುದ್ರಣಾಲಯಕ್ಕೆ ಕಳಿಸಬೇಕಾದ ಇಡೀ ಊರಿನ ಬಸ್ಸುಗಳೆಲ್ಲ ಆ ಕಪ್ಪಿನೊಳಗೆ ನಿಂತುಬಿಟ್ಟಿದ್ದವು.

ಹನ್ನೊಂದನೆಯ ಶಿಳ್ಳೆಗೆ ಮೇಲಿನ ಮನೆಯ ಟೀಚರಮ್ಮ ಇಳಿದು ಬಂದರು. ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟವರು. ಮಾತಾಡಿದರೆ ಎದುರಿಗೆ ಅರವತ್ತು ಮಕ್ಕಳಿದ್ದಾರೆ ಅನ್ನುವ ಹಾಗಿರುತ್ತಿತ್ತು.

“ಏನಪ್ಪಾ ಅದು ಕೂಗ್ತಿರೋದು? ಒಲೆ ಮೇಲೆ ಏನಾದ್ರೂ ಇಟ್ಟು ಮರೆತ್ಯಾ?”

“ಇಲ್ಲ ಟೀಚರಮ್ಮಾ, ಕಂಪ್ಯೂಟರ್. ಸೆಕ್ಯೂರ್ ಬೂಟ್ ಆನ್ ಮಾಡ್ದೆ, ಕಣ್ಣೇ ಬಿಡ್ತಾ ಇಲ್ಲ.”

“ಯಾರು ಹೇಳಿದ್ರು ಮಾಡು ಅಂತ?”

ಹೇಳಿದವರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಶಿಳ್ಳೆ ಕೇಳಿ ಎಚ್ಚರಿಕೆ ಮಾವನೂ ಹತ್ತಿ ಬಂದಿದ್ದರು. “ನಾನು ಹೇಳಿದ್ದು ಸರಿಯಾಗೇ ಇದೆ ರೀ. ಇದರರ್ಥ ಏನು ಗೊತ್ತಾ? ಭದ್ರತೆ ಎಷ್ಟು ಬಿಗಿಯಾಗಿದೆ ಅಂದ್ರೆ ಓನರಿಗೇ ಒಳಗೆ ಪ್ರವೇಶ ಇಲ್ಲ. ಇಂಥಾ ಭದ್ರತೆ ನಮ್ಮ ಫ್ಯಾಕ್ಟ್ರೀಲೂ ಇರಲಿಲ್ಲ!”

“ಹಾಗಾದ್ರೆ ಈಗೇನ್ ಮಾಡ್ಲಿ?”

“ತಡೀರಿ. ತಜ್ಞರನ್ನ ಕರ್ಕೊಂಡ್ ಬರ್ತೀನಿ.”

ಅವರು ಕರೆತಂದ ತಜ್ಞ ಬೀದಿ ಬದಿಯ ವಾಚ್ ರಿಪೇರಿಯವನು. ಹಣೆಗೆ ಏರಿಸಿದ ಭೂತಗನ್ನಡಿಯ ಸಮೇತ ಎಳೆದು ತಂದಿದ್ದರು. ಅವನು ಕಂಪ್ಯೂಟರಿನ ಪೆಟ್ಟಿಗೆಯ ತಿರುಪು ಬಿಚ್ಚಿ, ಒಳಗೆ ಇಣುಕಿ, ಧೂಳನ್ನು ಉಫ್ ಎಂದು ಮೂವರ ಮುಖಕ್ಕೂ ಊದಿ, ನಾಣ್ಯದಂಥ ಒಂದು ದುಂಡನೆಯ ಸೆಲ್ಲನ್ನು ತೋರಿಸಿದ.

“ಇದು ನಮ್ಮ ವಾಚಿನ ಸೆಲ್ಲಿನ ದೊಡ್ಡಣ್ಣ ಸಾರ್. ನೀವು ಸೆಟ್ಟಿಂಗ್ ಏನೇನು ಬದಲಾಯಿಸಿದ್ರಿ ಅಂತ ಇದರ ಬಲದಿಂದಲೇ ಅದು ನೆನಪಿಟ್ಕೊಂಡಿರೋದು. ಇದನ್ನ ತೆಗೆದು ಐದು ನಿಮಿಷ ಬಿಟ್ರೆ ಎಲ್ಲಾ ಮರೆತು ಹೋಗ್ತದೆ. ಹೊಸದಾಗಿ ಶುರು.”

ಐದು ನಿಮಿಷದಲ್ಲಿ ಎಲ್ಲ ಮರೆಯುವ ಕಂಪ್ಯೂಟರಿನ ಮೇಲೆ ಪ್ರೂಫ್ ರೀಡರಿಗೆ ಹೊಟ್ಟೆಕಿಚ್ಚಾಯಿತು. ಅವರಿಗೆ ನಾಲ್ಕು ವರ್ಷ ಸಾಲದೆ ಹೋಗಿತ್ತು.

ಸೆಲ್ಲು ವಾಪಸು ಹಾಕಿ ಹಚ್ಚಿದಾಗ ಪರದೆ ಬೆಳಗಿತು. ಮೂವರೂ ಹೋ ಎಂದರು. ಆದರೆ ಸೆಟ್ಟಿಂಗುಗಳ ಜೊತೆ ಕಂಪ್ಯೂಟರಿಗೆ ಕಾಲವೂ ಮರೆತುಹೋಗಿತ್ತು. ಮೂಲೆಯಲ್ಲಿ ಆರು ವರ್ಷದ ಹಿಂದಿನ ಜನವರಿ ಒಂದನೇ ತಾರೀಕು ತೋರಿಸುತ್ತಿತ್ತು. ಅದರ ಲೆಕ್ಕದಲ್ಲಿ ಹೆಂಡತಿ ಇನ್ನೂ ಮನೆಯಲ್ಲೇ ಇದ್ದಳು. ಅಡುಗೆಮನೆಯಲ್ಲೋ ಮಹಡಿಯ ಮೇಲೋ, ಕೂಗಿದರೆ ಓ ಅನ್ನುವಷ್ಟು ದೂರದಲ್ಲಿ.

“ತಾರೀಕು ತಪ್ಪಿದೆ ರೀ, ಸರಿಮಾಡಿ,” ಎಂದರು ಎಚ್ಚರಿಕೆ ಮಾವ.

ಜೀವನದಲ್ಲಿ ಮೊದಲ ಸಲ ಪ್ರೂಫ್ ರೀಡರಿಗೆ ಒಂದು ತಪ್ಪನ್ನು ತಿದ್ದಲು ಮನಸ್ಸು ಬರಲಿಲ್ಲ. ಕೊನೆಗೆ ಮಾವನೇ ಕೈಹಾಕಿ ಸರಿಮಾಡಿದರು. ಆಮೇಲೆ ಕಂಪ್ಯೂಟರು ಮುಂದಕ್ಕೆ ಹೋಯಿತು. ಹೋಗಿ ಒಂದು ನೀಲಿ ಪರದೆಯ ಮುಂದೆ ಹಠ ಹಿಡಿದು ನಿಂತಿತು. ಆರಂಭದ ಸೆಟ್ಟಿಂಗುಗಳು ಬದಲಾಗಿವೆ, ಇದು ನಿಮ್ಮದೇ ಕಂಪ್ಯೂಟರ್ ಎಂಬುದಕ್ಕೆ ಗ್ಯಾರಂಟಿ ಏನು, ನಲವತ್ತೆಂಟು ಅಂಕಿಗಳ ರಿಕವರಿ ಕೀ ಹಾಕಿ ಎಂದಿತು.

“ನಲವತ್ತೆಂಟಾ?” ವಾಚಿನವನು ಭೂತಗನ್ನಡಿ ಇಳಿಸಿಕೊಂಡು ನೋಡಿದ. “ನಮ್ಮ ವಾಚಿನಲ್ಲಿ ಹನ್ನೆರಡೇ ಸಾರ್ ಇರೋದು.”

ಆ ಕೀ ಯಾವ ಖಾತೆಯಲ್ಲಿ ಉಳಿದಿದೆ ಎಂಬ ಸುಳಿವು ಕೆಳಗಿತ್ತು. ಇಮೇಲ್ ವಿಳಾಸದ ಮೊದಲ ಮೂರು ಅಕ್ಷರ, ಮುಂದೆ ಬರೀ ನಕ್ಷತ್ರ. ಆ ಮೂರು ಅಕ್ಷರ ಪ್ರೂಫ್ ರೀಡರಿಗೆ ಚೆನ್ನಾಗಿ ಗೊತ್ತಿದ್ದವು. ಕಂಪ್ಯೂಟರು ತಂದ ದಿನ ಅದನ್ನು ತನ್ನ ಖಾತೆಯಲ್ಲಿ ಶುರುಮಾಡಿ ಕೊಟ್ಟಿದ್ದು ಹೆಂಡತಿಯೇ.

ಸಾಸಿವೆಯಷ್ಟು ಕಾರಣ ಕೇಳಿದ್ದರು. ದೇವರು ನಲವತ್ತೆಂಟು ಅಂಕಿಗಳಷ್ಟು ಕೊಟ್ಟಿದ್ದ.

“ಅವಳದ್ದೇನಪ್ಪಾ ಇದು?” ಟೀಚರಮ್ಮ ಕನ್ನಡಕ ಸರಿಮಾಡಿಕೊಂಡರು. “ಮಾಡು ಫೋನು. ನಂಬರ್ ಇದೆ ತಾನೆ?”

ನಂಬರ್ ಇತ್ತು. ಧೈರ್ಯದ ವಿಚಾರ ಬೇರೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ನಾಲ್ಕು ವರ್ಷ ಮಾತಾಡದ ಹೆಂಡತಿಯನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ನೀನು ಅಂದರೆ ಸಲಿಗೆ ಅನ್ನಿಸಬಹುದು, ನೀವು ಅಂದರೆ ಸಂಬಂಧ ಹರಿಯಿತು ಅನ್ನಿಸಬಹುದು. ಪ್ರೂಫ್ ರೀಡರು ಐದು ನಿಮಿಷ ಕೂತು, ಎರಡೂ ಬೇಡದ ಒಂದು ವಾಕ್ಯ ಕಟ್ಟಿಕೊಂಡು ಗುಂಡಿ ಒತ್ತಿದರು. ಎಚ್ಚರಿಕೆ ಮಾವ ಕೈಚಾಚಿ ಸ್ಪೀಕರ್ ಆನ್ ಮಾಡಿದರು.

“ಹಲೋ?”

ಅಷ್ಟೇ. ಒಂದೇ ಒಂದು ಹಲೋ. ಕಟ್ಟಿಕೊಂಡ ವಾಕ್ಯ ಎಲ್ಲಿ ಹೋಯಿತೋ.

“ಹಲೋ? ಹೇಳಿ.”

“ಹಲೋ. ನಾನು. ಅದೇ... ಕಂಪ್ಯೂಟರ್ ಕೆಟ್ಟಿದೆ.”

“ಇದು ಆಸ್ಪತ್ರೆ. ಕಂಪ್ಯೂಟರಿಗಲ್ಲ.”

ವಾಚಿನವನು ಕಿಸಕ್ಕೆಂದ. ಟೀಚರಮ್ಮ ಅವನ ಮೊಣಕೈಗೆ ತಿವಿದು, ಫೋನಿನ ಕಡೆ ಬಾಗಿ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದರು. “...ನಿನ್ನ ಖಾತೇಲಿ ಎಂಟು ಗುಂಪು ನಂಬರ್ ಇರುತ್ತಂತಮ್ಮಾ, ಒಂದೊಂದು ಗುಂಪಲ್ಲಿ ಆರಾರು. ಸ್ವಲ್ಪ ನೋಡಿ ಓದಿ ಹೇಳ್ತೀಯಾ?”

“ಟೀಚರಮ್ಮಾ, ನೀವಾ? ಚೆನ್ನಾಗಿದ್ದೀರಾ? ತಡೀರಿ, ನೋಡ್ತೀನಿ.”

ಹುಡುಕಲು ನಾಲ್ಕು ನಿಮಿಷವಾಯಿತು. ಆ ನಾಲ್ಕು ನಿಮಿಷವೂ ಸ್ಪೀಕರಿನಲ್ಲಿ ಆಸ್ಪತ್ರೆಯ ಗದ್ದಲ ಕೇಳಿಸುತ್ತಿತ್ತು. ಯಾರೋ ಕೆಮ್ಮಿದರು, ಯಾರೋ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದರು, ಆಕೆ “ಆಮೇಲೆ” ಎಂದಳು. ಪ್ರೂಫ್ ರೀಡರು ಆ ‘ಆಮೇಲೆ’ಯನ್ನೂ ಎದೆಗಿಳಿಸಿಕೊಂಡರು.

“ಸಿಕ್ತು. ಬರ್ಕೊಳ್ಳಿ.”

ಟೀಚರಮ್ಮ ನೋಟ್ ಪುಸ್ತಕ ಹಿಡಿದು ಕೂತರು. ಮೊದಲ ಗುಂಪಿನ ಆರು ಅಂಕಿ ಬಂದವು. ಒಂದು ಮಹಾನಗರದ ಬಸ್ಸುಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡ ಪ್ರೂಫ್ ರೀಡರು ಫೋನಿನ ಹತ್ತಿರ ಬಂದು, “ಕೇಳಿಸಲಿಲ್ಲ, ಇನ್ನೊಂದ್ಸಲ?” ಎಂದರು.

“ನಾನು ಬರ್ಕೊಂಡೆ,” ಎಂದರು ಟೀಚರಮ್ಮ. “ಮುಂದೆ ಹೇಳಮ್ಮಾ.”

ಎರಡನೇ ಗುಂಪು. “ಕೊನೇದು ಐದಾ, ಏಳಾ?”

“ಐದು. ನನಗೆ ಸ್ಪಷ್ಟವಾಗೇ ಕೇಳಿಸ್ತು. ನಿನಗೇನಪ್ಪಾ ಕಿವಿ ಮಂದವಾಯ್ತಾ? ನೀನು ಮುಂದೆ ಹೋಗಮ್ಮಾ.”

ಹೀಗೆ ಆಕೆಯ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಕೇಳುವ ಆಸೆ ಇವರಿಗೆ, ಒಂದೇ ಸಲಕ್ಕೆ ಮುಗಿಸುವ ಶಿಸ್ತು ಟೀಚರಮ್ಮನಿಗೆ. ಆರನೇ ಗುಂಪಿಗೆ ಬಂದಾಗ ಆಕೆ, “ಎರಡು...” ಎಂದು ತಡೆದಳು. ಒಂದು ಉಸಿರು ಕೇಳಿಸಿತು. “ಮೂರು, ನಾಲ್ಕು, ಒಂದು, ಒಂಬತ್ತು, ಆರು.” ಮತ್ತೆ ಏಳನೆಯದು, ಎಂಟನೆಯದು ಸರಸರ ಮುಗಿದವು.

“ಇದರಲ್ಲಿ ಓಪನ್ ಆಗ್ಲಿಲ್ಲ ಅಂದ್ರೆ ಹೇಳಿ,” ಎಂದಳು. “ಐದಕ್ಕೆ ನನ್ನ ಡ್ಯೂಟಿ ಮುಗಿಯುತ್ತೆ. ಆರು ಗಂಟೆ ಹೊತ್ತಿಗೆ ನಾನೇ ಬಂದು ನೋಡ್ತೀನಿ.”

ಆಕೆ ಫೋನು ಮಾತ್ರ ಇಡಲಿಲ್ಲ.

“ಮತ್ತೇನಾದ್ರೂ ಹೇಳೋದಿತ್ತಾ?” ಈ ಪ್ರಶ್ನೆ ಟೀಚರಮ್ಮನಿಗಲ್ಲ ಎಂಬುದು ಟೀಚರಮ್ಮನಿಗೂ ಗೊತ್ತಾಯಿತು.

ಹೇಳುವುದಿತ್ತು. ನಾಲ್ಕು ವರ್ಷದಿಂದ ಹೇಳುವುದಿತ್ತು. ಮೂರು ಜೊತೆ ಕಣ್ಣುಗಳು ತಮ್ಮನ್ನೇ ನೋಡುತ್ತಿದ್ದವು. “ಇಲ್ಲ... ಅಷ್ಟೇ,” ಎಂದರು ಪ್ರೂಫ್ ರೀಡರು. ಫೋನು ಕಟ್ಟಾಯಿತು.

ಈಗ ಅಂಕಿಗಳನ್ನು ಒತ್ತುವ ಕೆಲಸ. ಟೀಚರಮ್ಮ ಓದಿದರು, ಪ್ರೂಫ್ ರೀಡರು ಒತ್ತಿದರು. ಕೀಲಿಮಣೆಯ ಮೇಲೆ ಬೆರಳಿತ್ತು, ಮನಸ್ಸು ಮಾತ್ರ ಅವರು ನಂಬದ ದೇವರಿಗೂ ಸೇರಿಸಿ ಹರಕೆ ಹೊರುತ್ತಿತ್ತು: ಇದು ತೆರೆಯದಿರಲಿ. ಬೇಕೆಂದೇ ಒಂದು ಅಂಕಿ ತಪ್ಪು ಒತ್ತಿಬಿಡೋಣವೇ ಎಂಬ ಯೋಚನೆಯೂ ಬಂತು. ಆದರೆ ಕಣ್ಣಾರೆ ಕಂಡು ತಪ್ಪು ಅಂಕಿ ಹಾಕಲು ಮೂವತ್ತು ವರ್ಷದ ಬೆರಳು ಒಪ್ಪಲಿಲ್ಲ. ನಲವತ್ತೆಂಟೂ ಸರಿಯಾಗಿ ಬಿದ್ದವು.

ಕೀ ಸರಿಯಿಲ್ಲ ಎಂದಿತು ಕಂಪ್ಯೂಟರು.

ಮತ್ತೊಮ್ಮೆ ಒತ್ತಿದರು. ಸರಿಯಿಲ್ಲ. ಪ್ರೂಫ್ ರೀಡರ ಮುಖ ಮದುಮಗನ ಮುಖದ ಹಾಗಾಯಿತು. ಬಾಲ್ಕನಿಗೆ ಹೋಗಿ, ‘ಆಗಲಿಲ್ಲ’ ಎಂದು ಒಂದೇ ಪದ ಬರೆದು ಆಕೆಗೆ ಕಳಿಸಿದರು. ಎರಡು ನಿಮಿಷಕ್ಕೆ ಉತ್ತರ ಬಂತು: ‘ಆರಕ್ಕೆ ಬರ್ತೀನಿ.’ ಅದನ್ನು ಹನ್ನೆರಡು ಸಲ ಓದಿದರು. ಒಂದು ತಪ್ಪೂ ಕಾಣಲಿಲ್ಲ.

ಒಳಗೆ ಬಂದು, “ಸಾಕು ಬಿಡಿ, ಎಲ್ರೂ ದಣಿದಿದ್ದೀರಿ. ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ,” ಎಂದರು.

“ಹಾಗಂದ್ರೆ? ನಿಮ್ಮ ಕೆಲಸ?” ಎಂದರು ಎಚ್ಚರಿಕೆ ಮಾವ.

“ಕೆಲಸ ಹಾಳಾಗಿ ಹೋಗ್ಲಿ.”

ಮೂವತ್ತು ವರ್ಷದಿಂದ ಒಂದು ದಿನವೂ ತಡಮಾಡದ ಮನುಷ್ಯನ ಬಾಯಲ್ಲಿ ಈ ಮಾತು ಕೇಳಿ ಮೂವರೂ ಮುಖ ಮುಖ ನೋಡಿಕೊಂಡರು. ಆಘಾತಕ್ಕೆ ಹೀಗಾಗುತ್ತದೆ ಎಂದು ಮಾವ ಕಣ್ಣಲ್ಲೇ ಹೇಳಿದರು. ಇಂಥ ಸ್ಥಿತಿಯಲ್ಲಿರುವವನನ್ನು ಒಬ್ಬನನ್ನೇ ಬಿಟ್ಟು ಹೋಗುವುದು ನೆರೆಹೊರೆಯವರ ಲಕ್ಷಣವಲ್ಲ ಎಂದು ತೀರ್ಮಾನವಾಯಿತು. ವಾಚಿನವನು ತನ್ನ ಅಂಗಡಿಗೇ ಬೀಗ ಹಾಕಿಕೊಂಡು ಬಂದ. ಒಬ್ಬಂಟಿತನ ಎಂಬುದು ವಿಚಿತ್ರ ಪ್ರಾಣಿ. ನಾಲ್ಕು ವರ್ಷ ಈ ಮನೆಯ ಗಂಟೆ ಒತ್ತಿದವರಿಲ್ಲ. ಇವತ್ತು ಮನೆ ಖಾಲಿಯಾಗಲಿ ಎಂದರೆ ಏಳುವವರಿಲ್ಲ.

ಅವರನ್ನು ಅವರ ಪಾಡಿಗೆ ಬಿಟ್ಟು ಪ್ರೂಫ್ ರೀಡರು ಸೊಂಟ ಕಟ್ಟಿದರು. ನೆಲ ಗುಡಿಸಿದರು. ಮೂರು ಕುರ್ಚಿಗಳ ಮೇಲೆ ವರ್ಷಗಳಿಂದ ಕೂತಿದ್ದ ಕಾಗದದ ಕಟ್ಟುಗಳನ್ನು ಮಂಚದ ಕೆಳಗೆ ತಳ್ಳಿದರು. ಇದ್ದ ಎರಡು ಲೋಟಗಳನ್ನು ಮೂರು ಸಲ ತೊಳೆದರು. ಪೆಟ್ಟಿಗೆಯಿಂದ ಒಂದು ಹೊಸ ದಿಂಬಿನ ಚೀಲ ತೆಗೆದು, ಇದು ಅತಿಯಾಯಿತೇನೋ ಎಂದು ನಾಚಿ ಒಳಗಿಟ್ಟರು. ಬಂದರೆ ಏನು ಹೇಳಬೇಕೆಂದು ಪಾತ್ರೆ ತೊಳೆಯುತ್ತ ಅಭ್ಯಾಸ ಮಾಡಿದರು. ನೀನು ಎಂದೇ ಹೇಳುವುದೆಂದು ನಿಶ್ಚಯವಾಯಿತು. ಗಂಟೆ ನಾಲ್ಕೂವರೆಯಾದಾಗ ಮುಖಕ್ಕೆ ಸೋಪು ಹಚ್ಚಿ ಕನ್ನಡಿಯ ಮುಂದೆ ನಿಂತರು.

ಎಡಗೆನ್ನೆ ಮುಗಿದಿತ್ತು. ಆಗ ಹೊರಗಿನಿಂದ ಟೀಚರಮ್ಮನ ಕೂಗು ಬಂತು: “ಸಿಕ್ತು!”

ಪ್ರೂಫ್ ರೀಡರು ಬಲಗೆನ್ನೆಯ ನೊರೆಯ ಸಮೇತ ಓಡಿ ಬಂದರು.

ಟೀಚರಮ್ಮನ ಮುಂದೆ ನೋಟ್ ಪುಸ್ತಕದ ನಾಲ್ಕು ಹಾಳೆ ಭಾಗಾಕಾರದಿಂದ ತುಂಬಿತ್ತು. ಕೈ ಖಾಲಿ ಇದ್ದರೆ ಎದುರಿಗೆ ಸಿಕ್ಕಿದ ಸಂಖ್ಯೆಯನ್ನು ಭಾಗಿಸುತ್ತ ಕೂರುವುದು ಅವರ ಹಳೆಯ ಚಟ. “ನೋಡಪ್ಪಾ ಇಲ್ಲಿ. ಎಂಟು ಗುಂಪಲ್ಲಿ ಏಳು ಗುಂಪು ಹನ್ನೊಂದರಿಂದ ಸರಿಯಾಗಿ ಭಾಗ ಆಗುತ್ತೆ. ಶೇಷ ಸೊನ್ನೆ. ಆರನೇದು ಒಂದೇ ಆಗಲ್ಲ, ಆರು ಉಳಿಯುತ್ತೆ. ಅಂದ್ರೆ ತಪ್ಪು ಇರೋದು ಅಲ್ಲೇ!”

“ಭೇಷ್!” ಎಂದರು ಎಚ್ಚರಿಕೆ ಮಾವ. “ನುಸುಳುಕೋರ ಸಿಕ್ಕಿಬಿದ್ದ.”

“ಅವಳು ಒಂದೇ ಅಂಕಿ ತಪ್ಪು ಓದಿದ್ದಾಳೆ ಅಂತಿಟ್ಕೊಂಡ್ರೆ, ಸರಿಮಾಡೋಕೆ ಐದು ದಾರಿ ಇದೆ. ಒಂದೊಂದಾಗಿ ನೋಡೋಣ.”

“ಯಾಕೆ ಸುಮ್ನೆ ತೊಂದ್ರೆ?” ಎಂದರು ಪ್ರೂಫ್ ರೀಡರು. “ಆರು ಗಂಟೆಗೆ ಹೇಗೂ...”

“ಪಾಪ, ಅಷ್ಟು ದೂರದಿಂದ ಅವಳನ್ನ ಯಾಕೆ ಕರೆಸ್ತೀಯಾ? ಡ್ಯೂಟಿ ಮುಗಿಸಿ ದಣಿದಿರ್ತಾಳೆ.” ಟೀಚರಮ್ಮನ ಕರುಣೆಗೆ ಎದುರಾಡುವ ಹಾಗಿರಲಿಲ್ಲ. “ಮೊದಲು ಕೊನೇ ಅಂಕಿ. ಆರರ ಬದಲು ಸೊನ್ನೆ.”

ಎಚ್ಚರಿಕೆ ಮಾವ ಕೀಲಿಮಣೆ ಹಿಡಿದರು. ನಲವತ್ತೆಂಟು ಅಂಕಿ ಮೊದಲಿನಿಂದ. ತಪ್ಪು. ಆಮೇಲೆ ಐದನೇ ಅಂಕಿ, ಒಂಬತ್ತರ ಬದಲು ನಾಲ್ಕು. ಮಾವ ನಡುವೆ ಎಲ್ಲೋ ಎಡವಿದರು, ಮತ್ತೆ ಮೊದಲಿನಿಂದ. ತಪ್ಪು. ಗಂಟೆ ಐದಾಯಿತು. ವಾಚಿನವನು ಆಕಳಿಸಿದ. ಪ್ರೂಫ್ ರೀಡರು ಬಾಯಿ ಬಿಗಿಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಕೆನ್ನೆಯ ನೊರೆ ಒಣಗುತ್ತಿತ್ತು.

ಕೊನೆಗೆ ಟೀಚರಮ್ಮನಿಗೂ ಬೇಸರ ಬಂತು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಸಾಕಪ್ಪಾ, ಕಣ್ಣು ನೋಯುತ್ತೆ. ಹೇಗೂ ಬರ್ತಾಳಲ್ಲ, ಅವಳೇ ನೋಡ್ಕೊಳ್ಲಿ,” ಎಂದು ಪುಸ್ತಕ ಮುಚ್ಚಿದರು.

ಪ್ರೂಫ್ ರೀಡರ ಎದೆಯಿಂದ ಒಂದು ಬಂಡೆ ಇಳಿಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆ ಬೇರೆಯಾಗುತ್ತಿತ್ತು.

ಟೀಚರಮ್ಮ ಏಳುತ್ತ ಏಳುತ್ತ ಒಂದು ಮಾತು ಸೇರಿಸಿದರು: “ನನಗೇನೋ ನಾಲ್ಕನೇ ಅಂಕಿ ಮೇಲೇ ಅನುಮಾನ. ಒಂದು ಅನ್ನೋವಾಗ ಅವಳ ದನಿ ನಡುಗ್ತು.”

ಅದು ಅಪ್ಪಟ ಸುಳ್ಳು. ಒಂದು ಅನ್ನುವಾಗ ದನಿ ನಡುಗಿರಲಿಲ್ಲ. ಆ ದನಿಯ ಒಂದೊಂದು ಏರಿಳಿತವೂ ಪ್ರೂಫ್ ರೀಡರ ಎದೆಯಲ್ಲಿ ಅಚ್ಚಾಗಿತ್ತು. ಅದರ ಬಗ್ಗೆ ಕಣ್ಣೆದುರೇ ಒಂದು ತಪ್ಪು ಹೇಳಿಕೆ ನಿಂತಿರುವುದನ್ನು ಅವರಿಂದ ತಡೆಯಲಾಗಲಿಲ್ಲ.

“ನಾಲ್ಕನೇದಲ್ಲ, ಎರಡನೇದು! ಎರಡು ಅಂದ್ಮೇಲೆ ತಡೆದ್ಲು, ಉಸಿರು ತಗೊಂಡ್ಲು, ಆಮೇಲೆ ಮೂರು ಅಂದ್ಲು. ತಪ್ಪಿರೋದು ಅಲ್ಲಿ. ಅದು ಮೂರಲ್ಲ, ಎಂಟು. ಅಚ್ಚಿನಲ್ಲಿ ಮೂರು ಎಂಟು ಅಣ್ಣತಮ್ಮಂದಿರಿದ್ದ ಹಾಗೆ, ಯಾವಾಗ್ಲೂ ಒಂದರ ಜಾಗದಲ್ಲಿ ಇನ್ನೊಂದು ಕೂತಿರುತ್ತೆ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು. “ಅಂದ್ರೆ... ಇರಲಿಕ್ಕಿಲ್ಲ. ನನಗೇನು ಗೊತ್ತು? ಬಿಟ್ಬಿಡಿ.”

ಟೀಚರಮ್ಮ ಆಗಲೇ ಪುಸ್ತಕ ತೆರೆದಿದ್ದರು. “ಎರಡು ಎಂಟು ನಾಲ್ಕು ಒಂದು ಒಂಬತ್ತು ಆರು... ಭಾಗಿಸು ಹನ್ನೊಂದು... ಶೇಷ ಸೊನ್ನೆ! ಒತ್ತಿ, ಒತ್ತಿ!”

“ಬೇಡ ಮಾವಾ, ಕೈ ನೋಯುತ್ತೆ...”

ಈ ಸಲ ಮಾವ ಎಲ್ಲೂ ಎಡವಲಿಲ್ಲ. ನೀಲಿ ಪರದೆ ಮಾಯವಾಯಿತು. ಬಸ್ಸುಗಳೆಲ್ಲ ಸಾಲಾಗಿ ಪರದೆಯ ಮೇಲೆ ಬಂದು ನಿಂತವು. ವಾಚಿನವನು ಚಪ್ಪಾಳೆ ಹೊಡೆದ. ಟೀಚರಮ್ಮ, “ನೂರಕ್ಕೆ ನೂರು!” ಎಂದು ಪ್ರೂಫ್ ರೀಡರ ಬೆನ್ನು ತಟ್ಟಿದರು. ಬೆನ್ನು ಹಲಗೆಯ ಹಾಗಿತ್ತು.

ಎಚ್ಚರಿಕೆ ಮಾವ ಇಂಥ ಹೊತ್ತಿನಲ್ಲಿ ಕ್ಷಣವೂ ತಡಮಾಡುವವರಲ್ಲ. ತುರ್ತಿಗೆ ಇರಲೆಂದು ಮಧ್ಯಾಹ್ನವೇ ಆಕೆಯ ನಂಬರು ಬರೆದುಕೊಂಡಿದ್ದರು. ಪ್ರೂಫ್ ರೀಡರು ಹೋಗಿ ಅವರ ಕೈಹಿಡಿಯುವುದರೊಳಗೆ ಸ್ಪೀಕರಿನಲ್ಲಿ ಬಸ್ಸಿನ ಸದ್ದು ಕೇಳಿಸಿತು.

“ಹಲೋ? ಯಾರು?”

“ನಾನಮ್ಮಾ, ಕೆಳಗಿನ ಮನೆಯವ್ನು. ನೀವಿನ್ನು ಬರೋ ತೊಂದ್ರೆ ತಗೋಬೇಡಿ. ಎಲ್ಲಾ ಸರಿಹೋಯ್ತು. ನೀವು ಓದಿದ ನಂಬರಲ್ಲಿ ಒಂದು ಅಂಕಿ ತಪ್ಪಿತ್ತು. ನಿಮ್ಮ ಯಜಮಾನ್ರು ಕಂಡುಹಿಡಿದು ತಿದ್ದಿಬಿಟ್ರು!”

ಬಸ್ಸಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಅದು ಐದು ಹತ್ತರ ಬಸ್ಸು. ಅರ್ಧ ದಾರಿಗೆ ಬಂದಿದ್ದಾಳೆ ಎಂದು ಪ್ರೂಫ್ ರೀಡರಿಗೆ ಗೊತ್ತಾಯಿತು.

“ಯಾವ ಅಂಕಿ?” ಎಂದಳು ಆಕೆ.

“ಆರನೇ ಗುಂಪಿನ ಎರಡನೇದು,” ಎಂದರು ಟೀಚರಮ್ಮ. “ನೀನು ಮೂರು ಅಂದಿದ್ದೆ ನೋಡಮ್ಮಾ, ಅದು ಎಂಟು. ಗಡಿಬಿಡೀಲಿ ಕಣ್ತಪ್ಪಿರುತ್ತೆ, ಬಿಡು.”

“ಕಣ್ತಪ್ಪಿಲ್ಲ ಟೀಚರಮ್ಮಾ. ದಿನಕ್ಕೆ ಇನ್ನೂರು ಔಷಧಿ ಚೀಟಿ ಓದ್ತೀನಿ. ಒಂದಂಕಿ ತಪ್ಪಿದ್ರೂ ಜನ ಸಾಯ್ತಾರೆ. ಇವತ್ತಿನವರೆಗೂ ಒಂದೂ ತಪ್ಪಿಲ್ಲ. ನನ್ನ ಎದುರಿಗೆ ಎಂಟು ಅಂತಲೇ ಇತ್ತು. ನಾನೇ ಮೂರು ಅಂದೆ.”

“ಗೊತ್ತಿದ್ದೂ? ಯಾಕಮ್ಮಾ?”

“ನಿಮ್ಮ ಪ್ರೂಫ್ ರೀಡರನ್ನ ಕೇಳಿ. ತಪ್ಪು ಎಲ್ಲಿದೆ ಅಂತ ಅವರಿಗೆ ಬೇಗ ಗೊತ್ತಾಗುತ್ತೆ. ಯಾಕಿದೆ ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು.”

ಪ್ರೂಫ್ ರೀಡರು ಮಾವನ ಕೈಯಿಂದ ಫೋನು ಕಿತ್ತುಕೊಂಡರು. “ನೀ...” ಎಂದರು. ನೀನು ಎಂದೇ ಹೇಳುವುದೆಂದು ನಿಶ್ಚಯಿಸಿದ್ದರಲ್ಲ, ಅಷ್ಟು ಜನರ ಮುಂದೆ ಆ ಪದ ಗಂಟಲಲ್ಲೇ ಸಿಕ್ಕಿಕೊಂಡಿತು. ಅದು ಬಿಡಿಸಿಕೊಂಡು ಹೊರಬರುವಷ್ಟರಲ್ಲಿ ಫೋನು ಕಟ್ಟಾಗಿತ್ತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಟೀಚರಮ್ಮ ನೋಟ್ ಪುಸ್ತಕ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ವಾಚಿನವನು ತಿರುಪುಗಳನ್ನು ಎರಡೆರಡು ಸಲ ಬಿಗಿಮಾಡಿ ಅಂಗಡಿಗೆ ಇಳಿದ. ಎಚ್ಚರಿಕೆ ಮಾವ ಬಾಗಿಲವರೆಗೆ ಹೋಗಿ ನಿಂತು, “ಇನ್ನು ಚಿಂತೆಯಿಲ್ಲ ರೀ. ಈಗ ಯಾರೂ ಒಳಗೆ ಬರೋ ಹಾಗಿಲ್ಲ,” ಎಂದು ಸಮಾಧಾನ ಹೇಳಿ ಕೆಳಗೆ ಹೋದರು.

ಪ್ರೂಫ್ ರೀಡರು ವೇಳಾಪಟ್ಟಿಯನ್ನು ಮುದ್ರಣಾಲಯಕ್ಕೆ ಕಳಿಸಿದರು. ಆರು ಗಂಟೆಯವರೆಗೆ ಬಾಗಿಲ ಕಡೆ ನೋಡುತ್ತ ಕೂತರು. ಬರುವುದಿಲ್ಲವೆಂದು ಗೊತ್ತಿದ್ದೇ ಕೂತರು. ಆರೂವರೆಯಾಯಿತು. ಕೆನ್ನೆಯ ಮೇಲೆ ಒಣಗಿದ ನೊರೆ ಬಿಗಿಯುತ್ತಿತ್ತು. ಎದ್ದು ಬಚ್ಚಲಿಗೆ ಹೋಗಿ, ಉಳಿದ ಬಲಗೆನ್ನೆಯ ಗಡ್ಡವನ್ನೂ ಕೆರೆದುಕೊಂಡರು. ನೋಡುವವರು ಯಾರೂ ಇಲ್ಲ ನಿಜ, ಆದರೂ ಅರ್ಧ ಮುಖ ಇಟ್ಟುಕೊಂಡು ಎಷ್ಟು ಹೊತ್ತು ಕೂರುವುದು?